ಜಗಳೂರಿಗೆ ಹದ, ಹರಿಹರಕ್ಕೆ ಹಾನಿ

ಮೇ ತಿಂಗಳ ಮಧ್ಯಾಹ್ನ ಮೂರೂವರೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಬೀದಿನಾಯಿಯೂ ಕಾರಿನಡಿ ನೆರಳು ಹುಡುಕಿಕೊಂಡು ಮಲಗಿರುವ ಹೊತ್ತು. ಕಿಟಕಿಗಳಿಗೆಲ್ಲ ಪರದೆ. ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಹಾಕಿದ ಸಂಡಿಗೆ, ಹಪ್ಪಳ, ಉಪ್ಪು ಹಚ್ಚಿದ ಮೆಣಸಿನಕಾಯಿ. ಒಂದೆಲೆಯೂ ಅಲುಗುತ್ತಿಲ್ಲ. ಇದ್ದಕ್ಕಿದ್ದ ಹಾಗೆ ಬಿಸಿಲು ಮಂಕಾಗುತ್ತದೆ. ಆಕಾಶದ ಒಂದು ಮಗ್ಗುಲು ಕಪ್ಪಿಡುತ್ತದೆ. ಎಲ್ಲಿಂದಲೋ ತಣ್ಣನೆಯ ಗಾಳಿ ನುಗ್ಗಿ, ಖಾಲಿ ಸೈಟುಗಳ ಧೂಳು, ತರಗು, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಎತ್ತಿಕೊಂಡು ಹೊರಡುತ್ತದೆ. “ಮಳೆ ಬರಂಗೈತಿ ಅಕ್ಕಾ, ಸಂಡಿಗೆ ತಗೀರಿ” ಎಂದು ಪಕ್ಕದ ತಾರಸಿಯಿಂದ ಕೂಗು. ಬಾಗಿಲುಗಳು ದಡಾರನೆ ಬಡಿಯುತ್ತವೆ. ಕರೆಂಟ್ ಹೋಗುತ್ತದೆ. ಆಮೇಲೆ ದಪ್ಪ ದಪ್ಪ ಹನಿ.

ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು, ತಂತಿಯ ಮೇಲೆ ಮುರಿದ ಕೊಂಬೆ, ಮಿರ್ಚಿ ಮಂಡಕ್ಕಿ ಗಾಡಿಯ ಮುಂದೆ ಜನ. ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರಕ್ಕೆ ಫೋನ್ ಮಾಡಿದರೆ “ಇಲ್ಲಿ ಒಂದು ಹನೀನೂ ಇಲ್ಲಪ್ಪ” ಎಂಬ ಉತ್ತರ.

ಮರುದಿನ ಪತ್ರಿಕೆಗಳು ಇದನ್ನು ಅಕಾಲಿಕ ಮಳೆ ಎಂದು ಬರೆಯುತ್ತವೆ. ಬರೆಯುವ ನಾವೂ ಯೋಚಿಸುವುದಿಲ್ಲ, ಓದುವವರೂ ಕೇಳುವುದಿಲ್ಲ. ಆದರೆ ಈ ಮಳೆ ತನ್ನ ಕಾಲಕ್ಕೆ ಸರಿಯಾಗಿಯೇ ಬಂದಿರುತ್ತದೆ. ಅದು ಬೀಳುವ ಜಾಗದಲ್ಲಿ ಈಗ ಏನಿದೆ ಎಂಬುದಷ್ಟೇ ಬದಲಾಗಿದೆ.

ಲೆಕ್ಕ ಶುರುವಾಗುವುದೇ ಬೇಸಿಗೆಯಲ್ಲಿ

ನಮ್ಮ ರೈತರ ಮಳೆ ಲೆಕ್ಕ ಜೂನ್‌ನಿಂದ ಶುರುವಾಗುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಸೂರ್ಯ ಅಶ್ವಿನಿ ನಕ್ಷತ್ರಕ್ಕೆ ಬಂದಾಗಲೇ ಎಣಿಕೆ ಆರಂಭ. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕಾ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ ಎರಡನೇ ವಾರ ಹೊಕ್ಕುವಾಗ ಮೃಗಶಿರ. ಅಂದರೆ ಹವಾಮಾನ ಇಲಾಖೆಯ ಪ್ರಕಾರ ಮುಂಗಾರು ಕೇರಳಕ್ಕೆ ಬರಬೇಕಾದ ಜೂನ್ 1ರ ಹೊತ್ತಿಗೆ ಪಂಚಾಂಗದಲ್ಲಿ ಮೂರು ಮಳೆ ಮುಗಿದು ನಾಲ್ಕನೆಯದು ನಡೆಯುತ್ತಿರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಗಳು ಹುಟ್ಟಿದ್ದು ಈ ಬೇಸಿಗೆ ಮಳೆಯ ಮೇಲೆ ಭರವಸೆ ಇಟ್ಟವರ ಬಾಯಲ್ಲಿ.

ಭರವಸೆಗೆ ಕಾರಣವೂ ಇತ್ತು. ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ಬಯಲಿನಲ್ಲಿ, ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿ. ಜುಲೈ ತಿಂಗಳ ಮೋಡಗಳು ಆಗುಂಬೆಯಲ್ಲಿ ಹೊರೆ ಇಳಿಸಿಕೊಂಡು ಇಲ್ಲಿಗೆ ಬರುವಾಗ ಹಗುರಾಗಿರುತ್ತವೆ. ದಿನವಿಡೀ ಜಿಟಿಜಿಟಿ, ಕೆರೆಗೆ ಮಾತ್ರ ಹನಿ ನೀರಿಲ್ಲ. ಹಳ್ಳ ಹರಿಯುವಂಥ ಮಳೆ ಈ ಬಯಲಿಗೆ ಸಿಗುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ಮತ್ತು ಅದು ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎರಡೂ ಗುಡುಗಿನ ಮಳೆಗಳೇ.

ಮೋಡ ಕಟ್ಟುವ ಬಗೆ

ಬಿಸಿಲು ಹೆಚ್ಚಾಯಿತು, ಅದಕ್ಕೇ ಮಳೆ ಬಂತು ಎನ್ನುತ್ತೇವೆ. ಅರ್ಧ ಸರಿ. ಬಿಸಿಲೊಂದೇ ಸಾಕಾಗಿದ್ದರೆ ಏಪ್ರಿಲ್‌ನಲ್ಲಿ ಪ್ರತಿದಿನ ಮಳೆ ಬರಬೇಕಿತ್ತು. ಇನ್ನೆರಡು ಬೇಕು: ಹಸಿ ಗಾಳಿ, ಮತ್ತು ಅದನ್ನು ಮೇಲಕ್ಕೆ ತಳ್ಳುವ ಏನಾದರೊಂದು.

ಬೇಸಿಗೆಯಲ್ಲಿ ಉತ್ತರದಿಂದ ಬರುವ ಗಾಳಿ ಒಣ ಗಾಳಿ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಕಡೆಯಿಂದ ಬರುವುದು ನೀರಾವಿ ತುಂಬಿದ ಗಾಳಿ. ಇವೆರಡೂ ಎದುರುಬದುರಾಗುವ ಗೆರೆಯೊಂದು ಮಹಾರಾಷ್ಟ್ರದ ಕಡೆಯಿಂದ ಹೊರಟು, ಕರ್ನಾಟಕದ ಒಳನಾಡನ್ನು ಸೀಳಿಕೊಂಡು, ತಮಿಳುನಾಡಿನವರೆಗೆ ಚಾಚಿರುತ್ತದೆ. ಹವಾಮಾನ ವರದಿಯಲ್ಲಿ ಬರುವ “ಒಳನಾಡಿನ ಮೇಲೆ ಕಡಿಮೆ ಒತ್ತಡದ ಪಟ್ಟಿ” ಎಂದರೆ ಹೆಚ್ಚುಕಡಿಮೆ ಇದೇ. ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಇವತ್ತು ಚಿತ್ರದುರ್ಗದ ಮೇಲೆ, ನಾಳೆ ಹಾವೇರಿಯ ಮೇಲೆ. ಅದು ಯಾವ ಊರಿನ ಹತ್ತಿರ ಸರಿಯುತ್ತದೋ ಆ ಊರಿಗೆ ಸಂಜೆ ಮಳೆಯ ಯೋಗ.

ಕಾದ ನೆಲದಿಂದ ಎದ್ದ ಹಸಿ ಗಾಳಿ ಮೇಲೇರುತ್ತ ತಣ್ಣಗಾಗಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಒಲೆಯ ಮೇಲಿಟ್ಟು ಮರೆತ ಹಾಲು ಉಕ್ಕಿದ ಹಾಗೆ ಮೋಡ ಅರ್ಧ ಗಂಟೆಯಲ್ಲಿ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ನಮ್ಮ ಬೇಸಿಗೆಯಲ್ಲೂ ಸುಮಾರು ಐದು ಕಿಲೋಮೀಟರ್ ದಾಟಿದರೆ ಮೇಲೆ ಹಿಮಗಟ್ಟುವ ಚಳಿ. ಅಲ್ಲಿ ಹರಳುಗಟ್ಟಿದ ಮಂಜು ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತ, ಸುತ್ತಲಿನ ನೀರನ್ನು ಮೈಗೆ ಪದರ ಪದರವಾಗಿ ಅಂಟಿಸಿಕೊಳ್ಳುತ್ತದೆ. ಮೇಲೇಳುವ ಗಾಳಿಗೆ ಹೊರಲಾಗದಷ್ಟು ಭಾರವಾದ ಮೇಲೆ ಬೀಳುತ್ತದೆ. ಅದೇ ಆಲಿಕಲ್ಲು.

ಮಳೆಗೆ ಮುಂಚೆ ಬರುವ ಆ ತಣ್ಣನೆಯ ಗಾಳಿಯ ಗುಟ್ಟೂ ಇಲ್ಲಿದೆ. ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತವೆ. ತಂಪುಗಾಳಿ ಭಾರ. ಅದು ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ನಾಲ್ಕೂ ದಿಕ್ಕಿಗೆ ಹರಡುತ್ತದೆ. ಮಳೆಗಿಂತ ಮೊದಲು ನಮ್ಮ ಓಣಿಗೆ ತಲುಪುವುದು ಈ ಗಾಳಿ. ಸಂಡಿಗೆ ಎತ್ತಲು ಸಿಗುವ ಹತ್ತು ನಿಮಿಷದ ಮುನ್ಸೂಚನೆಯನ್ನು ಮೋಡವೇ ಕಳಿಸುತ್ತದೆ ಎನ್ನಿ. ಆದರೆ ಅದೇ ಗಾಳಿ ಮೋಡದ ಬುಡಕ್ಕೆ ಬಿಸಿ ಗಾಳಿ ಬರುವ ದಾರಿಯನ್ನೂ ಮುಚ್ಚುತ್ತದೆ. ಹಾಗಾಗಿ ಅಬ್ಬರಿಸಿದ ಮೋಡ ಒಂದು ಗಂಟೆಯೊಳಗೆ ತಾನೇ ಸೊರಗುತ್ತದೆ.

ಓಣಿಗೊಂದು ಮಳೆ

ಇಂಥ ಒಂದು ಮೋಡದ ಅಗಲ ಐದರಿಂದ ಹತ್ತು ಕಿಲೋಮೀಟರ್. ದಾವಣಗೆರೆಯಲ್ಲಿ ಸುರಿದು ಹರಿಹರದಲ್ಲಿ ಒಣಗಿರುವುದು ಅದಕ್ಕೇ. ಜಿಲ್ಲೆಗೆ ಮಳೆ ಎಂದಿದ್ದರು, ನಮ್ಮೂರಿಗೆ ಬರಲೇ ಇಲ್ಲ ಎಂದು ಹವಾಮಾನ ಇಲಾಖೆಯನ್ನು ಬೈಯುವ ಮುನ್ನ ಅವರ ಭಾಷೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. “ಒಂದೆರಡು ಕಡೆ” ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ. “ಕೆಲವು ಕಡೆ” ಎಂದರೆ ಅರ್ಧದವರೆಗೆ, “ಹಲವು ಕಡೆ” ಎಂದರೆ ಮುಕ್ಕಾಲು ಭಾಗದವರೆಗೆ. ಬೇಸಿಗೆಯಲ್ಲಿ ಹೆಚ್ಚಾಗಿ ಕೇಳಿಬರುವುದು ಮೊದಲನೆಯದು. ನಾಲ್ಕರಲ್ಲಿ ಮೂರು ಊರಿಗೆ ಮಳೆ ಇಲ್ಲ ಎಂಬುದು ಆ ಮಾತಿನಲ್ಲೇ ಇದೆ.

ಎಲ್ಲಿ ಎಷ್ಟು ಬಿತ್ತು ಎಂಬುದನ್ನು ಅಳೆಯುವುದರಲ್ಲಿ ಮಾತ್ರ ಕರ್ನಾಟಕ ಮುಂದಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಅದು ನೆಟ್ಟಿರುವ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅಳತೆ ಪಂಚಾಯ್ತಿಗೆ ಇಳಿದಿದೆ, ಮುನ್ಸೂಚನೆ ಇನ್ನೂ ಅಷ್ಟು ಕೆಳಗೆ ಇಳಿದಿಲ್ಲ. ಮೂರು ಗಂಟೆ ಮುಂಚಿನ ಎಚ್ಚರಿಕೆ ಮಾತ್ರ ನಂಬುವ ಹಾಗಿರುತ್ತದೆ.

ಭದ್ರೆಯ ನೀರು, ಮೇ ತಿಂಗಳ ಕಟಾವು

ಈಗ ಬಡಾವಣೆ ಬಿಟ್ಟು ಹೊಲದ ಕಡೆ ಹೋಗೋಣ. ನಿಜವಾದ ಕತೆ ಇರುವುದು ಅಲ್ಲಿ.

ಜಗಳೂರು ತಾಲ್ಲೂಕಿನ ಬಹುಪಾಲು ಹೊಲ ಮಳೆಯನ್ನೇ ನಂಬಿರುವ ಹೊಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ತೊಗರಿ. ಅಲ್ಲಿನ ರೈತನಿಗೆ ಭರಣಿ, ಕೃತ್ತಿಕಾ ಮಳೆ ಬಂದರೆ ಹಬ್ಬ. ಕಲ್ಲಿನಂತಿದ್ದ ನೆಲ ಸಡಿಲಾಗಿ ನೇಗಿಲು ಹೂಡಬಹುದು, ಹರಗಬಹುದು, ಮೊಳೆತ ಕಳೆಯನ್ನು ಬಿತ್ತನೆಗೆ ಮುಂಚೆಯೇ ಮುಗಿಸಬಹುದು. ದನಕ್ಕೆ ಹಸಿ ಮೇವು, ಗೋಕಟ್ಟೆಗೆ ಒಂದಿಷ್ಟು ನೀರು.

ಅದೇ ದಿನ ಹರಿಹರ ತಾಲ್ಲೂಕಿನ ರೈತ ಆಕಾಶ ನೋಡಿ ಕೈಮುಗಿಯುವುದು ಮಳೆ ಬಾರದಿರಲಿ ಎಂದು. ಅವನ ಗದ್ದೆಯಲ್ಲಿ ಬೇಸಿಗೆ ಭತ್ತ ಹಳದಿಗೆ ತಿರುಗಿ ನಿಂತಿದೆ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ಗರಿಷ್ಠ ನೀರಿನ ಮಟ್ಟ 186 ಅಡಿ, 71.5 ಟಿಎಂಸಿ ಸಂಗ್ರಹ. ಬಲದಂಡೆ ನಾಲೆ ದಾವಣಗೆರೆಯ ಬಯಲಿಗೆ ಬಂದ ಮೇಲೆ ಇಲ್ಲಿಯ ಬದುಕೇ ಬದಲಾಯಿತು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ವರ್ಷಕ್ಕೆ ಒಂದು ಬೆಳೆಯ ಜಾಗದಲ್ಲಿ ಎರಡು. ಜಲಾಶಯದಲ್ಲಿ ನೀರಿದ್ದರೆ ಜನವರಿಯಲ್ಲಿ ನಾಲೆಗೆ ಬಿಟ್ಟು, ಬೇಸಿಗೆ ಬೆಳೆ ಮುಗಿಯುವವರೆಗೆ ಹರಿಸುತ್ತಾರೆ.

ಹಳೆಯ ಮಳೆ ಲೆಕ್ಕದಲ್ಲಿ ಈ ಬೆಳೆಗೆ ಜಾಗವೇ ಇರಲಿಲ್ಲ. ಅಶ್ವಿನಿ, ಭರಣಿ ಹೊತ್ತಿಗೆ ಈ ಬಯಲಿನ ಹೊಲಗಳು ಬರಿದಾಗಿರಬೇಕಿತ್ತು. ಗಾಳಿ ಬಡಿದರೆ ಬೀಳಲು ಏನೂ ಇರಬಾರದಿತ್ತು. ಈಗ ವರ್ಷದ ಅತ್ಯಂತ ಬಿರುಸಿನ ಗಾಳಿಯ ವಾರಗಳಲ್ಲೇ ತೆನೆ ತೂಗುತ್ತಿರುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ದಾವಣಗೆರೆ, ಹರಿಹರದ ಗದ್ದೆಗಳು ಅಚ್ಚುಕಟ್ಟಿನ ಕೊನೆ ಭಾಗದಲ್ಲಿವೆ. ನಾಲೆಯ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ ಎಂಬುದು ಇಲ್ಲಿನ ರೈತರ ಹಳೆಯ ದೂರು. ಕೊನೆ ಭಾಗಕ್ಕೆ ನೀರು ತಡವಾದಷ್ಟು ನಾಟಿ ತಡ. ನಾಟಿ ಹದಿನೈದು ದಿನ ತಡವಾದರೆ ಕಟಾವೂ ಅಷ್ಟೇ ದಿನ ಮುಂದಕ್ಕೆ, ನೇರ ಭರಣಿಯ ಬಾಯಿಗೆ. ಗಾಳಿಗೆ ನೆಲ ಕಚ್ಚಿದ ಭತ್ತದ ಫೋಟೊ ಪತ್ರಿಕೆಯಲ್ಲಿ ನೋಡಿದಾಗ ನಾವು ಮಳೆಯನ್ನು ಬೈಯುತ್ತೇವೆ. ಫೋಟೊದಲ್ಲಿ ಕಾಣದ ನಾಲೆಯ ತೂಬುಗಳಿಗೂ ಅದರಲ್ಲಿ ಪಾಲಿದೆ ಎಂದು ನನಗೆ ಅನ್ನಿಸುತ್ತದೆ.

ಬಿದ್ದ ಭತ್ತದಿಂದ ಆಗುವ ನಷ್ಟ ಒಂದೇ ಬಗೆಯದಲ್ಲ. ಕಾಳು ಉದುರುತ್ತದೆ. ನೀರಿನಲ್ಲಿ ನೆನೆದ ತೆನೆ ಗದ್ದೆಯಲ್ಲೇ ಮೊಳಕೆಯೊಡೆಯುತ್ತದೆ. ಕಟಾವು ಯಂತ್ರಕ್ಕೆ ಬಾಡಿಗೆ ಗಂಟೆಯ ಲೆಕ್ಕ. ನಿಂತ ಬೆಳೆಗಿಂತ ಮಲಗಿದ ಬೆಳೆ ಕೊಯ್ಯಲು ಹೆಚ್ಚು ಹೊತ್ತು, ಕೆಸರಾದರೆ ಟೈರಿನ ಯಂತ್ರ ಇಳಿಯುವುದೇ ಇಲ್ಲ, ಚೈನಿನದ್ದೇ ಬೇಕು. ಕೊಯ್ದ ಮೇಲೂ ನೆಮ್ಮದಿಯಿಲ್ಲ. ಒಣಗಿಸಲು ಕಣವಿಲ್ಲದೆ ರಸ್ತೆಯ ಮೇಲೆ ಹರವಿದ ಭತ್ತಕ್ಕೆ ಸಂಜೆ ತಾಡಪಾಲು ಹೊದಿಸಿ ಕಾಯಬೇಕು. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 17 ಮೀರುವಂತಿಲ್ಲ. ವ್ಯಾಪಾರಿ ಕಾಳು ಹಲ್ಲಲ್ಲಿ ಕಚ್ಚಿ ನೋಡಿಯೇ ದರ ಇಳಿಸುತ್ತಾನೆ. ಹುಲ್ಲು ಕೊಳೆತು ದನಕ್ಕೂ ಆಗದೆ ಹೋಗುತ್ತದೆ.

ಮಳೆ ಬಿಡದೆ ನಾಲ್ಕು ದಿನ ಹಿಡಿದರೆ ಅದರ ಬಿಸಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೂ ತಟ್ಟುತ್ತದೆ. ಮಂಡಕ್ಕಿ ಹುರಿಯುವ ಮುಂಚೆ ಬೇಯಿಸಿದ ಭತ್ತ ಚೆನ್ನಾಗಿ ಒಣಗಬೇಕು. ಒಣಗಿಸುವುದು ಬಿಸಿಲು.

ವಿಮೆ ಮಾಡಿಸಿದವರಿಗೆ ಒಂದು ದಾರಿಯಿದೆ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ವಿಕೋಪಕ್ಕೂ, ಕೊಯ್ದು ಗದ್ದೆಯಲ್ಲೇ ಒಣಗಲು ಬಿಟ್ಟ ಬೆಳೆ ಹದಿನಾಲ್ಕು ದಿನದೊಳಗೆ ಮಳೆಗೆ ಸಿಕ್ಕಿ ಹಾಳಾದರೂ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಬಿದ್ದ ಬೆಳೆ ಎತ್ತುವ ಗಡಿಬಿಡಿಯಲ್ಲಿ ಮೂರು ದಿನ ಹೇಗೆ ಹೋದವು ಎಂಬುದೇ ಗೊತ್ತಾಗುವುದಿಲ್ಲ.

ಕಾಂಕ್ರೀಟಿನ ಮೇಲೆ ನಲವತ್ತು ಮಿಲಿಮೀಟರ್

ಮತ್ತೆ ಬಡಾವಣೆಗೆ. ನಲವತ್ತು–ಅರವತ್ತರ ಒಂದು ಸೈಟು ಎಂದರೆ ಸುಮಾರು 223 ಚದರ ಮೀಟರ್. ಅದರ ಮೇಲೆ 40 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 8,900 ಲೀಟರ್ ನೀರು. ಹಳೆಯ ಮನೆಗಳಲ್ಲಿ ಹಿತ್ತಲಿತ್ತು, ತೆಂಗಿನ ಪಾತಿ ಇತ್ತು, ಅರ್ಧ ನೀರು ಅಲ್ಲೇ ಇಂಗುತ್ತಿತ್ತು. ಈಗ ಕಾಂಪೌಂಡಿನಿಂದ ಕಾಂಪೌಂಡಿಗೆ ಟೈಲ್ಸ್, ಹೊರಗೆ ಕಾಂಕ್ರೀಟ್ ರಸ್ತೆ. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ರಸ್ತೆಗಳು ಹಸನಾದವು, ಮಣ್ಣು ಮುಚ್ಚಿತು. ದಿನವಿಡೀ ಬೀಳುವ 40 ಮಿಲಿಮೀಟರನ್ನು ಚರಂಡಿ ತಡೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಬಿದ್ದರೆ ಬೇಸಿಗೆಯಿಡೀ ತುಂಬಿಕೊಂಡ ಕಸದ ಸಮೇತ ರಸ್ತೆಗೆ ಬರುತ್ತದೆ.

ಇಷ್ಟು ನೀರು ಹರಿದುಹೋಗುವ ಊರು ಕುಡಿಯುವುದು ಬೇರೆ ಕಡೆಯ ನೀರನ್ನು. ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ್ದು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ತುಂಬಿಸಿದ್ದು. ಊರಿನ ತಲೆಯ ಮೇಲೆ ಬಿದ್ದದ್ದು ಮೋರಿಗೆ.

ಇನ್ನು ಮರಗಳು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಹೊಡೆತ ನಾಲ್ಕು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಮರದ ತಲೆ ಹೊಸ ಎಲೆ, ಹೂವಿನಿಂದ ತುಂಬಿ ಭಾರವಾಗಿರುತ್ತದೆ. ನೆರಳಿಗೆಂದು ನಾವು ಬೀದಿಬದಿ ನೆಟ್ಟ ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ಮಧ್ಯ ಅಮೆರಿಕದ್ದು. ಬೇಗ ಬೆಳೆಯುತ್ತವೆ, ಚಂದ ಕಾಣುತ್ತವೆ, ಗುಲ್‌ಮೊಹರ್‌ನ ಕೊಂಬೆಯಂತೂ ತೀರಾ ಮೆದು. ಆದರೂ ಮರಗಳನ್ನೇ ದೂರುವುದು ನ್ಯಾಯವಲ್ಲ. ಚರಂಡಿಗೆ, ಕೇಬಲ್ಲಿಗೆ, ಪೈಪಿಗೆ ಎಂದು ಅಗೆದಾಗಲೆಲ್ಲ ಬೇರು ಕತ್ತರಿಸಿ, ಬುಡಕ್ಕೆ ಸಿಮೆಂಟ್ ಸುರಿದ ಮೇಲೆ ಬೇವಾದರೂ ಎಷ್ಟು ಹೊತ್ತು ನಿಂತೀತು?

ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್

ನೀರಿಗಿಂತ, ಗಾಳಿಗಿಂತ ಹೆಚ್ಚು ಜೀವ ತೆಗೆಯುವುದು ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,887 ಜನ ಸಿಡಿಲಿಗೆ ಸತ್ತರು. ಮೋಡದೊಳಗೆ ಮಂಜಿನ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ಉಜ್ಜಿ ವಿದ್ಯುತ್ ಬೇರ್ಪಡುತ್ತದೆ. ಮಿಂಚಿನ ಹಾದಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿಗೆ ಕಾದು ಸಿಡಿಯುತ್ತದೆ. ಆ ಸದ್ದೇ ಗುಡುಗು.

ಸಾಯುವವರಲ್ಲಿ ಹೆಚ್ಚಿನವರು ಬಯಲಲ್ಲಿ ದುಡಿಯುವವರು, ಕುರಿಗಾಹಿಗಳು, ಮಳೆಗೆ ಹೆದರಿ ಒಂಟಿ ಮರದ ಕೆಳಗೆ ನಿಂತವರು. ಮರಕ್ಕೆ ಹೊಡೆದ ವಿದ್ಯುತ್ ನೆಲದಲ್ಲಿ ಹರಡುತ್ತದೆ. ಕಾಲುಗಳ ನಡುವೆ ಅಂತರ ಹೆಚ್ಚಿದ್ದಷ್ಟು ಮೈಯೊಳಗೆ ಹರಿಯುವುದು ಹೆಚ್ಚು. ಒಂದೇ ಸಿಡಿಲಿಗೆ ದನ, ಕುರಿಗಳು ಸಾಲಾಗಿ ಸಾಯುವುದು ಹೀಗೆ. ಬಯಲಲ್ಲಿ ಸಿಕ್ಕಿಕೊಂಡರೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು, ಮಲಗಬಾರದು ಎನ್ನುವುದೂ ಇದಕ್ಕೇ.

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು. ಮೂವತ್ತರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯದ ‘ಸಿಡಿಲು’ ಆ್ಯಪ್‌ಗಳು ಮೊಬೈಲಿಗೆ ಎಚ್ಚರಿಕೆ ಕಳಿಸುತ್ತವೆ. ಕುರಿ ಹಿಂಡಿನ ಹಿಂದೆ ಹೋಗುವವನ ಕೈಯಲ್ಲಿ ಎಂಥ ಫೋನ್ ಇದೆ, ಅಲ್ಲಿ ಸಿಗ್ನಲ್ ಇದೆಯೇ ಎಂಬುದು ಬೇರೆ ಪ್ರಶ್ನೆ.

2025ರ ಮೇ

ಇಷ್ಟೆಲ್ಲ ಹೇಳಿದ ಮೇಲೂ 2025ರ ಮೇ ತಿಂಗಳನ್ನು ಮಾಮೂಲಿ ಎನ್ನಲಾಗದು. ರಾಜ್ಯದಲ್ಲಿ ಆ ತಿಂಗಳ ವಾಡಿಕೆ ಮಳೆ 74 ಮಿಲಿಮೀಟರ್. ಬಿದ್ದದ್ದು 219. ಕಳೆದ 125 ವರ್ಷಗಳಲ್ಲೇ ಅತಿ ಹೆಚ್ಚು ಎಂದು ಸರ್ಕಾರ ಹೇಳಿತು. ಮಾರ್ಚ್‌ನಿಂದ ಮೇವರೆಗಿನ ಒಟ್ಟು ಲೆಕ್ಕದಲ್ಲಿ ವಾಡಿಕೆಯ 115ಕ್ಕೆ ಬದಲು 286 ಮಿಲಿಮೀಟರ್. ಮಳೆ ಸಂಬಂಧಿ ಅವಘಡಗಳಲ್ಲಿ ಸತ್ತ 71 ಜನರಲ್ಲಿ 48 ಮಂದಿ ಸಿಡಿಲಿಗೆ ಬಲಿಯಾದವರು.

ಆದರೆ ಈ ಅಂಕಿಯೊಳಗೆ ಒಂದು ಲೆಕ್ಕಾಚಾರದ ಚಮತ್ಕಾರವೂ ಇದೆ. ಆ ವರ್ಷ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು, 2009ರ ನಂತರ ಇಷ್ಟು ಬೇಗ ಬಂದಿರಲಿಲ್ಲ. ಕೊಂಕಣ ಕರಾವಳಿಯಾಚೆ ಎದ್ದ ವಾಯುಭಾರ ಕುಸಿತ ಅದನ್ನು ಎಳೆದುಕೊಂಡು ಎರಡು ಮೂರು ದಿನದಲ್ಲೇ ಬೆಂಗಳೂರು, ಮುಂಬೈ ದಾಟಿಸಿತು. ಕೊನೆಯ ವಾರ ಸುರಿದದ್ದು ಅಸಲಿಗೆ ಮುಂಗಾರು ಮಳೆ. ಇಲಾಖೆಯ ಪುಸ್ತಕದಲ್ಲಿ ಮೇ 31ರವರೆಗೆ ಬಿದ್ದದ್ದೆಲ್ಲ ಮುಂಗಾರು ಪೂರ್ವದ ಖಾತೆಗೇ ಜಮೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅರಬ್ಬಿ ಸಮುದ್ರ ಕಾಯುತ್ತಿರುವುದೂ ನಿಜ. ಆದರೂ ಒಂದು ಮೇ ತಿಂಗಳನ್ನು ಹಿಡಿದು ಹವಾಮಾನವೇ ಬದಲಾಯಿತು ಎನ್ನುವುದು ಅವಸರ. ಬಂದಾಗ ಹೆಚ್ಚು ಜೋರಾಗಿ ಬರುವ ಸಾಧ್ಯತೆಗೆ ಸಿದ್ಧರಾಗುವುದು ಅವಸರವಲ್ಲ.

ಮುಂಗಾರಿನ ಪಾಲು ಉಂಡಿತೇ?

ಬೇಸಿಗೆಯಲ್ಲೇ ಇಷ್ಟು ಹೊಯ್ದರೆ ಮುಂಗಾರು ಕೈಕೊಡುತ್ತದೆ ಎಂಬ ಮಾತು ಹೋಟೆಲ್ ಕಟ್ಟೆಗಳಲ್ಲಿ ಪ್ರತಿವರ್ಷ ಕೇಳಿಬರುತ್ತದೆ. ಆದರೆ ಬೇಸಿಗೆ ಮಳೆಗೆ ಊರ ನೆಲದ ಬಿಸಿ ಮುಖ್ಯ ಬಂಡವಾಳ. ಮುಂಗಾರಿಗೆ ಸಾವಿರಾರು ಕಿಲೋಮೀಟರ್ ಆಚೆಯ ಸಮುದ್ರ ಬಂಡವಾಳ. ಒಂದರ ಖರ್ಚನ್ನು ಇನ್ನೊಂದರ ಖಾತೆಗೆ ಬರೆಯಲು ಬರುವುದಿಲ್ಲ. ಚೆನ್ನಾಗಿ ಬಂದ ಭರಣಿ ಒಳ್ಳೆಯ ಮುಂಗಾರಿಗೆ ಜಾಮೀನೂ ಅಲ್ಲ.

ಅದಕ್ಕೇ ಅನುಭವಸ್ಥರು ಮೇ ಮಳೆ ನಂಬಿ ಮೆಕ್ಕೆಜೋಳ ಬಿತ್ತಲು ಹೋಗುವುದಿಲ್ಲ. ಬಿತ್ತಿದ ಮೇಲೆ ಜೂನ್‌ನಲ್ಲಿ ಹದಿನೈದು ದಿನ ಮಳೆ ತಪ್ಪಿದರೆ ಮೊಳಕೆ ಬಾಡಿ, ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಎರಡನೇ ಸಲ ತೆರಬೇಕಾಗುತ್ತದೆ. ಮಳೆಯ ಮರುದಿನ ಗುದ್ದಲಿಯಲ್ಲಿ ಗೇಣುದ್ದ ಅಗೆದು ನೋಡುತ್ತಾರೆ. ಎರಡು ಬೆರಳಿನಷ್ಟೇ ಹಸಿಯಾಗಿ ಕೆಳಗೆ ಒಣಮಣ್ಣು ಸಿಕ್ಕರೆ ಹರಗಿ ಬಿಡುತ್ತಾರೆ. ಗೇಣಿನ ತುಂಬ ಹಸಿ ಹಿಡಿದಿದ್ದರೂ ರೋಹಿಣಿ ಮುಗಿಯಲಿ, ಮೃಗಶಿರ ಹುಟ್ಟಲಿ ಎಂದು ಕಾಯುತ್ತಾರೆ. ಪಕ್ಕದ ಹೊಲದವನು ಆಗಲೇ ಬಿತ್ತಿ ಮುಗಿಸಿದ್ದರೂ ಸರಿ.